ಹಿತ್ತಲ ಶೆಡ್ಡಿನ ಇತಿಹಾಸ

ಬ್ರಿಟನ್ನಿನಲ್ಲಿ ಮನೆ ಕೊಂಡ ನಮ್ಮ ಸಂಘದ ಕುಟುಂಬಗಳಲ್ಲಿ ಅನೇಕರಿಗೆ ಮನೆಯೊಡನೆ ಹಿತ್ತಲಿನ ಮೂಲೆಯ ಒಂದು ಮರದ ಶೆಡ್ಡೂ ಬಂದಿದೆ. ನಾವು ಅದರೊಳಗೆ ಹುಲ್ಲು ಕತ್ತರಿಸುವ ಯಂತ್ರವನ್ನೂ ಮಕ್ಕಳಿಗೆ ಚಿಕ್ಕದಾಗಿಹೋದ ಸೈಕಲ್ಲನ್ನೂ ಊರಿಗೆ ಹೋಗುವಾಗಷ್ಟೇ ಬೇಕಾಗುವ ಸೂಟ್‌ಕೇಸುಗಳನ್ನೂ ತುಂಬಿ ಬಾಗಿಲು ಹಾಕುತ್ತೇವೆ. ಹಳೆಯ ಮನೆಯಾಗಿದ್ದರೆ ಆ ಶೆಡ್ಡಿನ ಗೋಡೆಯನ್ನೊಮ್ಮೆ ಗಮನವಿಟ್ಟು ನೋಡಬೇಕು. ಸಾಲಾಗಿ ಹೊಡೆದ ಮೊಳೆಗಳು, ಒಂದೊಂದು ಮೊಳೆಯ ಕೆಳಗೆ ಪೆನ್ಸಿಲಿನಲ್ಲಿ ಬಿಡಿಸಿದ ಸುತ್ತಿಗೆ, ಗರಗಸ, ಇಕ್ಕಳಗಳ ಆಕೃತಿ, ಕಿಟಕಿಯ ಪಕ್ಕದಲ್ಲಿ ಎಣ್ಣೆ ಕುಡಿದು ಕಪ್ಪಾದ ದಪ್ಪ ಹಲಗೆ, ಇಂಥ ಕುರುಹುಗಳು ಉಳಿದಿರುವುದುಂಟು. ಅಲ್ಲಿ ಕೆಲಸ ಮಾಡಿದವನು ವೃತ್ತಿಯಿಂದ ಬಡಗಿಯೂ ಆಗಿರಲಿಲ್ಲ, ಕಮ್ಮಾರನೂ ಆಗಿರಲಿಲ್ಲ. ಬ್ಯಾಂಕಿನ ಗುಮಾಸ್ತನೋ ಶಾಲೆಯ ಉಪಾಧ್ಯಾಯನೋ ಬಸ್ಸಿನ ಚಾಲಕನೋ ಆಗಿದ್ದಿರಬೇಕು. ಸಂಜೆಯ ಊಟ ಮುಗಿಸಿ ಶೆಡ್ಡಿಗೆ ಹೋಗಿ, ಯಾರೂ ಕೇಳದಿದ್ದರೂ, ಕಬ್ಬಿಣವನ್ನೋ ಮರವನ್ನೋ ಕೈಯಾರೆ ರೂಪಿಸುತ್ತಿದ್ದವನ ಪರಂಪರೆಯನ್ನು ಕುರಿತದ್ದು ಈ ಬರಹ.

ಈ ಹವ್ಯಾಸ ಇಲ್ಲಿ ಏಕೆ ಬೇರೂರಿತು, ನಮ್ಮಲ್ಲಿ ಏಕೆ ಬೇರೂರಲಿಲ್ಲ ಎಂಬ ಪ್ರಶ್ನೆ ನಮ್ಮನ್ನು ಬಹುಕಾಲದಿಂದ ಕಾಡಿದೆ. ಕೌಶಲದ ಕೊರತೆ ಎಂದು ಹೇಳುವಂತಿಲ್ಲ. ಬೇಲೂರು, ಹಳೇಬೀಡುಗಳ ಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆದವರು ನಮ್ಮ ನಾಡಿನವರೇ. ಉತ್ತರವನ್ನು ಕೈಗಳಲ್ಲಿ ಹುಡುಕುವುದಕ್ಕಿಂತ ಕಾಗದದಲ್ಲಿ ಹುಡುಕುವುದು ಲೇಸೆಂದು ನಮಗೆ ತೋರುತ್ತದೆ.

ಕಥೆಯ ಮೊದಲ ಎಳೆ 17ನೆಯ ಶತಮಾನದ ಲಂಡನ್ನಿನಲ್ಲಿದೆ. ಜೋಸೆಫ್ ಮಾಕ್ಸನ್ ಎಂಬಾತ ಭೂಪಟಗಳನ್ನೂ ಭೂಗೋಲಗಳನ್ನೂ ಮಾಡಿ ಮಾರುತ್ತಿದ್ದ ಮುದ್ರಕ. 1678ರ ಆರಂಭದಿಂದ ಆತ 'ಮೆಕ್ಯಾನಿಕ್ ಎಕ್ಸರ್ಸೈಸಸ್' ಎಂಬ ಕೃತಿಯನ್ನು ಕಂತುಕಂತಾಗಿ ಪ್ರಕಟಿಸತೊಡಗಿದ. ಕಮ್ಮಾರಿಕೆ, ಮರಗೆಲಸ, ಮನೆ ಕಟ್ಟುವ ಬಡಗಿತನ, ಲೇತಿನ ಕೆಲಸ ಎಂದು ಒಂದೊಂದೇ ಕಸುಬನ್ನು ಕೈಗೆತ್ತಿಕೊಂಡು, ಕುಲುಮೆಯನ್ನು ಹೇಗೆ ಕಟ್ಟಬೇಕು, ಕಬ್ಬಿಣ ಯಾವ ಬಣ್ಣಕ್ಕೆ ಕಾದಾಗ ಬಡಿಯಬೇಕು, ಅರವನ್ನು ಹೇಗೆ ಹಿಡಿಯಬೇಕು ಎಂಬುದನ್ನು ಚಿತ್ರಸಹಿತ ಬರೆದ. ಅದುವರೆಗೆ ಈ ವಿದ್ಯೆಗಳು ಗುರುವಿನ ಮನೆಯಲ್ಲಿ ಏಳು ವರ್ಷ ದುಡಿದ ಶಿಷ್ಯನಿಗೆ ಮಾತ್ರ ದಕ್ಕುವಂಥವು. ಮಾಕ್ಸನ್ ತನ್ನ ಮುನ್ನುಡಿಯಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕಾಯಿತು. ಕೈಗೆಲಸ ಹೀನವಾದದ್ದು, ಓದಿದವರು ಅದನ್ನು ಕುರಿತು ಏಕೆ ಬರೆಯಬೇಕು ಎಂಬುದೇ ಆ ಆಕ್ಷೇಪ. ಕೆಲವು ಕೆಲಸಗಾರರ ಕೊಳಕಿಗಾಗಿ ಕೆಲಸವನ್ನೇ ಕಡೆಗಣಿಸಲು ಕಾರಣವಿಲ್ಲ ಎಂಬ ಧಾಟಿಯಲ್ಲಿ ಆತ ಉತ್ತರಿಸಿದ. ಅದೇ ವರ್ಷ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. ಕಸುಬುದಾರನೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು.

ಮಾಕ್ಸನ್ನನಿಗೆ ಎದುರಾದ ಆ ಆಕ್ಷೇಪ ನಮಗೆ ಅಪರಿಚಿತವಲ್ಲ. ನಮ್ಮಲ್ಲಿ ಅದು ಆಕ್ಷೇಪವಾಗಿ ಉಳಿಯದೆ ಜಾತಿಯ ಗೋಡೆಯಾಗಿ ನಿಂತಿತು. ಹಾಗೆಂದು ನಮ್ಮಲ್ಲಿ ಬರೆದಿಟ್ಟವರೇ ಇರಲಿಲ್ಲ ಎಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, 12ನೆಯ ಶತಮಾನದಷ್ಟು ಹಿಂದೆಯೇ, ಮೇಣದ ಅಚ್ಚಿನಿಂದ ಲೋಹದ ವಿಗ್ರಹವನ್ನು ಎರಕ ಹೊಯ್ಯುವ ವಿಧಾನ ನಿರೂಪಿತವಾಗಿದೆ. ಆದರೆ ಅದು ಅರಮನೆಯ ಸಂಸ್ಕೃತ. ಎರಕ ಹೊಯ್ಯುವವನು ಅದನ್ನು ಓದಬೇಕಾದ ಅಗತ್ಯವಿರಲಿಲ್ಲ, ಓದಬಲ್ಲವನು ಎರಕ ಹೊಯ್ಯುತ್ತಿರಲಿಲ್ಲ. ಅದೇ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಘನತೆ ಬೇರೆಲ್ಲೂ ಕಾಣದಂಥದು. ಮೇದರ ಕೇತಯ್ಯ, ಅಂಬಿಗರ ಚೌಡಯ್ಯ, ಬಾಚಿಕಾಯಕದ ಬಸವಯ್ಯ ಎಂದು ಕಸುಬಿನ ಹೆಸರೇ ಗೌರವದ ಹೆಸರಾಯಿತು. ಆದರೂ ವಚನಗಳ ಗುರಿ ಭಕ್ತಿ ಮತ್ತು ಸಮಾನತೆ; ಬಾಚಿಯನ್ನು ಹದಗೊಳಿಸುವ ವಿಧಾನ ಅವುಗಳ ವಸ್ತುವಲ್ಲ. ಹದ, ಅಳತೆ, ಪಟ್ಟುಗಳ ಜ್ಞಾನ ತಂದೆಯ ಕೈಯಿಂದ ಮಗನ ಕೈಗೆ ಮೌನವಾಗಿ ದಾಟುತ್ತ ಬಂತು. ಆ ಮನೆಯಲ್ಲಿ ಹುಟ್ಟದವನಿಗೆ ಅದನ್ನು ಕಲಿಯುವ ದಾರಿಯೇ ಇರಲಿಲ್ಲ. ಆ ಮನೆಯ ಮಗ ಬೇರೆ ದಾರಿ ಹಿಡಿದರೆ ವಿದ್ಯೆ ಅಲ್ಲಿಗೆ ನಿಂತಿತು.

ಇಲ್ಲಿಯೂ ಕಾಗದಕ್ಕೆ ಬಂದ ವಿದ್ಯೆ ಮೊದಲು ತಲುಪಿದ್ದು ಸಿರಿವಂತರನ್ನೇ. ಲೇತಿನ ಹುಚ್ಚು ಯೂರೋಪಿನ ಅರಮನೆಗಳಲ್ಲಿ ಹಿಂದಿನಿಂದಲೂ ಇತ್ತು. ರಷ್ಯದ ಪೀಟರ್ ಚಕ್ರವರ್ತಿ ತಾನೇ ಲೇತಿನ ಮುಂದೆ ನಿಂತು ದಂತವನ್ನು ಕಡೆಯುತ್ತಿದ್ದ. ಫ್ರಾನ್ಸಿನ ಹದಿನಾರನೆಯ ಲೂಯಿಗೆ ಬೀಗ ಮಾಡುವುದೆಂದರೆ ಪ್ರೀತಿ. ಲಂಡನ್ನಿನಲ್ಲಿ ಹೋಲ್ಟ್ಜಾಪ್ಫೆಲ್ ಮನೆತನದವರು 1795ರಿಂದ ಇಂಥ ಹವ್ಯಾಸಿಗಳಿಗೆಂದೇ ಲೇತುಗಳನ್ನು ಮಾಡಿ ಮಾರಿದರು. ಆ ಮನೆತನದ ಚಾರ್ಲ್ಸ್ 1843ರಲ್ಲಿ ಲೇತಿನ ಕೆಲಸವನ್ನು ಕುರಿತ ಬೃಹದ್ಗ್ರಂಥವನ್ನು ಆರಂಭಿಸಿದ. ಅದು ಮುಂದೆ ಐದು ಸಂಪುಟಗಳಾಗಿ ಬೆಳೆಯಿತು. ಆ ಲೇತುಗಳ ಬೆಲೆ ಸಾಮಾನ್ಯ ಗುಮಾಸ್ತನ ಕನಸಿಗೂ ನಿಲುಕುವಂಥದ್ದಾಗಿರಲಿಲ್ಲ. ಅವುಗಳಲ್ಲಿ ಮಾಡಿದ ದಂತದ ಕರಡಿಗೆಗಳು ಈಗಲೂ ವಸ್ತುಸಂಗ್ರಹಾಲಯಗಳಲ್ಲಿ ಕಾಣಸಿಗುತ್ತವೆ. ನೋಡಲು ಅದ್ಭುತ, ಬಳಕೆಗೆ ಶೂನ್ಯ ಎಂಬುದು ನಮ್ಮ ಅಭಿಪ್ರಾಯ.

ಗುಮಾಸ್ತನ ಸರದಿ ಬಂದದ್ದು 1898ರಲ್ಲಿ. ಆ ವರ್ಷದ ಜನವರಿಯಲ್ಲಿ ಪರ್ಸಿವಲ್ ಮಾರ್ಷಲ್ ಎಂಬ ಯುವ ಸಂಪಾದಕ 'ದಿ ಮಾಡೆಲ್ ಎಂಜಿನಿಯರ್ ಅಂಡ್ ಅಮೆಚೂರ್ ಎಲೆಕ್ಟ್ರಿಷಿಯನ್' ಎಂಬ ಪತ್ರಿಕೆಯನ್ನು ಆರಂಭಿಸಿದ. ಅದೇ ವರ್ಷ ಲಂಡನ್ನಿನಲ್ಲಿ ಹವ್ಯಾಸಿಗಳ ಸಂಘವೊಂದು ಹುಟ್ಟಿತು. 1907ರಲ್ಲಿ ಮೊದಲ ಪ್ರದರ್ಶನ ನಡೆಯಿತು. ಪತ್ರಿಕೆ ಮಾಡಿದ್ದು ಸರಳವಾದ, ಆದರೆ ಹೊಸದಾದ ಕೆಲಸ. ಒಂದು ಪುಟ್ಟ ಉಗಿಯಂತ್ರದ ಅಥವಾ ವಿದ್ಯುತ್ ಮೋಟಾರಿನ ಅಳತೆಸಹಿತ ನಕ್ಷೆಯನ್ನು ಅಚ್ಚು ಹಾಕಿ, ಅದನ್ನು ಮಾಡುವ ಬಗೆಯನ್ನು ಸಂಚಿಕೆಯಿಂದ ಸಂಚಿಕೆಗೆ ವಿವರಿಸುವುದು. ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಒಬ್ಬ ಓದುಗ ಕಂಡುಕೊಂಡ ಉಪಾಯವನ್ನು ಉಳಿದವರಿಗೆ ತಲುಪಿಸುವುದು. ಕಸುಬಿನ ಗುಟ್ಟನ್ನು ಬಿಟ್ಟುಕೊಡುವುದೇ ಅಲ್ಲಿ ಪ್ರತಿಷ್ಠೆಯಾಯಿತು.

ವಿದ್ಯುತ್ತಿಲ್ಲದ ಮನೆಗಳಲ್ಲಿ ಲೇತು ತಿರುಗುತ್ತಿದ್ದುದು ಕಾಲಿನ ಬಲದಿಂದ. ನಮ್ಮ ಊರಿನ ದರ್ಜಿಯ ಹೊಲಿಗೆ ಯಂತ್ರದಂತೆ ಕೆಳಗೊಂದು ತುಳಿಯುವ ಹಲಗೆ, ಅದಕ್ಕೆ ಜೋಡಿಸಿದ ಭಾರವಾದ ಗಾಲಿ, ಗಾಲಿಯಿಂದ ಮೇಲಕ್ಕೆ ಚರ್ಮದ ಪಟ್ಟಿ. ಗಿಲ್ಫರ್ಡ್ ಸಮೀಪದ ಡ್ರಮಂಡ್ ಸಹೋದರರು ಹವ್ಯಾಸಿಗಳ ಕೈಗೆಟುಕುವ ಲೇತುಗಳನ್ನು ತಯಾರಿಸಿದರು. ಲೇತಿದ್ದರೂ ಎರಕ ಹೊಯ್ಯುವ ಕುಲುಮೆ ಎಲ್ಲರ ಮನೆಯಲ್ಲಿ ಸಾಧ್ಯವಿಲ್ಲವಷ್ಟೆ. ಅದಕ್ಕೆ ಥೇಮ್ಸ್ ದಂಡೆಯ ಹೆನ್ಲಿಯ ಸ್ಟುವರ್ಟ್ ಟರ್ನರ್ ಸಂಸ್ಥೆ ಒಂದು ಉಪಾಯ ಮಾಡಿತು. ಹೊಯ್ದ ಒರಟು ಎರಕದ ಭಾಗಗಳನ್ನು ನಕ್ಷೆಯೊಡನೆ ಪೆಟ್ಟಿಗೆಯಲ್ಲಿಟ್ಟು ಮಾರಿತು. ಕೊಂಡವನು ಅವನ್ನು ಕಡೆದು, ಕೊರೆದು, ಉಜ್ಜಿ ಯಂತ್ರವಾಗಿಸಬೇಕು.

ಅವರ 'ನಂಬರ್ 10' ಎಂಬ ಪುಟ್ಟ ಉಗಿಯಂತ್ರ ಎಷ್ಟೋ ಮಂದಿಯ ಮೊದಲ ಪಾಠ. ಅದರ ಸಿಲಿಂಡರಿನ ರಂಧ್ರ ಮುಕ್ಕಾಲು ಅಂಗುಲ, ಪಿಸ್ಟನ್ನಿನ ಓಡಾಟವೂ ಮುಕ್ಕಾಲು ಅಂಗುಲ. ನೋಡಲು ಆಟಿಕೆ. ಆದರೆ ಸಿಲಿಂಡರಿನ ರಂಧ್ರ ಅದರ ತುದಿಯ ಸಮತಲಕ್ಕೆ ಸರಿಯಾಗಿ ಲಂಬವಾಗಿರದಿದ್ದರೆ ಪಿಸ್ಟನ್ನಿನ ಸರಳು ಓರೆಯಾಗಿ ಬಿಗಿಯುತ್ತದೆ, ಯಂತ್ರ ತಿರುಗುವುದಿಲ್ಲ. ಹಾಗಾಗಿ ರಂಧ್ರವನ್ನು ಕೊರೆಯುವುದು, ತುದಿಯನ್ನು ಮಟ್ಟ ಮಾಡುವುದು ಎರಡನ್ನೂ ವಸ್ತುವನ್ನು ಲೇತಿನಿಂದ ಬಿಚ್ಚದೆ ಒಂದೇ ಹಿಡಿತದಲ್ಲಿ ಮುಗಿಸಬೇಕು. ಒಮ್ಮೆ ಬಿಚ್ಚಿ ಮತ್ತೆ ಕಟ್ಟಿದರೆ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಪಳಗಿದ ಕೆಲಸಗಾರ ಇದನ್ನು ಹೇಳದೆಯೇ ಮಾಡುತ್ತಾನೆ. ಗುಮಾಸ್ತನಿಗೆ ಯಾರಾದರೂ ಹೇಳಬೇಕು, ಪತ್ರಿಕೆ ಹೇಳಿತು.

ಹಾಗೆ ಹೇಳುವುದರಲ್ಲಿ ಅಗ್ರಗಣ್ಯನೆಂದರೆ 'ಎಲ್.ಬಿ.ಎಸ್.ಸಿ.' ಎಂಬ ಅಂಕಿತದಿಂದ ಬರೆಯುತ್ತಿದ್ದ ಕರ್ಲಿ ಲಾರೆನ್ಸ್. ಲಂಡನ್, ಬ್ರೈಟನ್ ಅಂಡ್ ಸೌತ್ ಕೋಸ್ಟ್ ಎಂಬ ರೈಲ್ವೆಯ ಮೊದಲಕ್ಷರಗಳೇ ಆತನ ಕಾವ್ಯನಾಮ ಎನ್ನಬಹುದು! 1920ರ ದಶಕದ ಆರಂಭದವರೆಗೆ ತಜ್ಞರ ಅಭಿಪ್ರಾಯ ಬೇರೆಯಾಗಿತ್ತು. ಎರಡೂವರೆ ಅಂಗುಲ ಹಳಿಯ ಪುಟ್ಟ ರೈಲು ಎಂಜಿನ್ನಿಗೆ ನಿಜವಾದ ಕಲ್ಲಿದ್ದಲಿನ ಬಾಯ್ಲರು ಸಲ್ಲದು, ಸ್ಪಿರಿಟ್ ದೀಪವೇ ಗತಿ ಎಂದು ಅವರು ನಂಬಿದ್ದರು. ಲಾರೆನ್ಸ್ ತನ್ನ ಮನೆಯಲ್ಲಿ ಕಟ್ಟಿದ 'ಆಯೆಷಾ' ಎಂಬ ಎಂಜಿನ್ನನ್ನು ಎದುರಿಗಿಟ್ಟ. ದೊಡ್ಡ ಎಂಜಿನ್ನಿನಲ್ಲಿರುವಂತೆಯೇ ಕೊಳವೆಗಳ ಬಾಯ್ಲರು, ಅದರಲ್ಲಿ ಕಲ್ಲಿದ್ದಲಿನ ಬೆಂಕಿ. ಅದು ವಯಸ್ಕರನ್ನು ಕೂರಿಸಿಕೊಂಡು ಎಳೆಯಿತು. ಪತ್ರಿಕೆಯಲ್ಲೂ ಪ್ರದರ್ಶನದಲ್ಲೂ ನಡೆದ ಈ ವಾದ 'ಬಾಯ್ಲರುಗಳ ಕದನ' ಎಂದೇ ಹೆಸರಾಯಿತು. ಹೆಸರಾಂತ ತಯಾರಕರ ಎಂಜಿನ್ನಿನ ಎದುರು ಮನೆಯಲ್ಲಿ ಮಾಡಿದ ಎಂಜಿನ್ನು ಗೆದ್ದಿತು. ಅದಕ್ಕಿಂತ ಮುಖ್ಯವಾದದ್ದು ಆತ ಮುಂದೆ ದಶಕಗಳ ಕಾಲ ಮಾಡಿದ ಕೆಲಸ. ಮೊಳೆಯಿಂದ ಮೊಳೆಗೆ, ತಿರುಪಿನಿಂದ ತಿರುಪಿಗೆ, ಪಕ್ಕದಲ್ಲಿ ಕೂತು ಮಾತಾಡಿದಂಥ ಧಾಟಿಯಲ್ಲಿ, ಹತ್ತಾರು ಎಂಜಿನ್ನುಗಳನ್ನು ಕಟ್ಟುವ ಬಗೆಯನ್ನು ಬರೆದ. ಹೊಸಬರಿಗೆಂದು ಆತ ರೂಪಿಸಿದ 'ಟಿಚ್' ಎಂಬ ಪುಟ್ಟ ಎಂಜಿನ್ನನ್ನು ಇಂದಿಗೂ ಜನ ಕಟ್ಟುತ್ತಾರೆ. ಆತ 1967ರಲ್ಲಿ ತೀರಿಕೊಂಡ.

ಇದು ಗಂಡಸರ ಲೋಕವೆಂದು ಓದುಗರಿಗೆ ಅನ್ನಿಸಿದ್ದರೆ ಅದು ಬಹುಮಟ್ಟಿಗೆ ನಿಜ. ಆದರೆ ಈ ಕಲೆಯ ಶಿಖರದಲ್ಲಿ ನಿಂತವರಲ್ಲಿ ಒಬ್ಬರು ಚೆರ್ರಿ ಹಿಲ್ ಎಂಬ ಮಹಿಳೆ. ವಿಕ್ಟೋರಿಯ ರಾಣಿಯ ಕಾಲದ ವಿಚಿತ್ರ ಟ್ರಾಕ್ಷನ್ ಎಂಜಿನ್ನುಗಳನ್ನು ಹದಿನಾರನೆಯ ಒಂದು ಭಾಗದ ಅಳತೆಯಲ್ಲಿ ಕಟ್ಟಿ, ಡ್ಯೂಕ್ ಆಫ್ ಎಡಿನ್‌ಬರೊ ಪಾರಿತೋಷಕವನ್ನು 9 ಬಾರಿ ಗೆದ್ದವರು. ನಮ್ಮ ಹೆಣ್ಣುಮಕ್ಕಳಿಗೆ ತೋರಿಸಬೇಕಾದ ಚಿತ್ರಗಳಲ್ಲಿ ಅವರ ಎಂಜಿನ್ನುಗಳೂ ಸೇರಲಿ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್ನಿನ ಮೈಫರ್ಡ್ ಸಂಸ್ಥೆ 'ಎಂ.ಎಲ್. 7' ಎಂಬ ಲೇತನ್ನು ಹೊರತಂದಿತು. ಇಲ್ಲಿನ ಶೆಡ್ಡುಗಳ ಮಟ್ಟಿಗೆ ಅದು ನಮ್ಮ ಅಡುಗೆಮನೆಯ ಒರಳುಕಲ್ಲಿದ್ದ ಹಾಗೆ: ಒಮ್ಮೆ ತಂದಿಟ್ಟರೆ ತಲೆಮಾರು ದಾಟುತ್ತದೆ.

ಮರಗೆಲಸದ ಕಥೆ ಸ್ವಲ್ಪ ಬೇರೆ. ಯುದ್ಧಾನಂತರ ಮರಕ್ಕೂ ಕಟ್ಟಡದ ಕೆಲಸಕ್ಕೂ ಸರ್ಕಾರದ ಪರವಾನಗಿ ಬೇಕಿತ್ತು. ಕಟ್ಟಡದ ಪರವಾನಗಿ ತೆರವಾದದ್ದು 1954ರಲ್ಲಿ. ಅಲ್ಲಿಂದ ಮುಂದೆ 'ನೀವೇ ಮಾಡಿ' ಎಂಬ ಅಲೆ ಎದ್ದಿತು. ಬಾರಿ ಬಕ್ನೆಲ್ ಎಂಬಾತ ಬಿಬಿಸಿ ದೂರದರ್ಶನದಲ್ಲಿ ಕಪಾಟು ಕೂರಿಸುವುದನ್ನೂ ಬಾಗಿಲು ಮುಚ್ಚುವಂತೆ ಹಲಗೆ ಹೊಡೆಯುವುದನ್ನೂ ನೇರವಾಗಿ ಮಾಡಿ ತೋರಿಸಿ ಮನೆಮಾತಾದ. ಹಳೆಯ ಮನೆಗಳ ಚೆಲುವಾದ ಬಾಗಿಲುಗಳೆಲ್ಲ ಹಾರ್ಡ್‌ಬೋರ್ಡಿನಡಿ ಹೂತುಹೋದದ್ದಕ್ಕೆ ಆತನನ್ನು ದೂರುವವರು ಈಗಲೂ ಇದ್ದಾರೆ. ಆತನ ಇನ್ನೊಂದು ಕೊಡುಗೆಯನ್ನು ಮಾತ್ರ ಯಾರೂ ದೂರರು. ಜ್ಯಾಕ್ ಹೋಲ್ಟ್ ಜೊತೆ ಸೇರಿ ಆತ ರೂಪಿಸಿದ 'ಮಿರರ್' ಎಂಬ ಹಾಯಿದೋಣಿ 1963ರಲ್ಲಿ 63 ಪೌಂಡು 11 ಷಿಲಿಂಗಿಗೆ ಬಿಡಿಭಾಗಗಳ ಕಟ್ಟಾಗಿ ಮಾರಾಟಕ್ಕೆ ಬಂತು. ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಬಟ್ಟೆಯಂತೆ ಹೊಲಿದು, ಮೇಲೆ ಗಾಜಿನ ನಾರಿನ ಪಟ್ಟಿಯನ್ನು ಅಂಟಿಸಿದರೆ ದೋಣಿ ಸಿದ್ಧ. ಹಾಗೆ ಕಟ್ಟಿದ ದೋಣಿಗಳ ಸಂಖ್ಯೆ 70,000 ದಾಟಿತು. ಸಮುದ್ರಯಾನ ಸಿರಿವಂತರ ಸೊತ್ತು ಎಂಬ ಕಾಲ ಅಲ್ಲಿಗೆ ಸಡಿಲವಾಯಿತು.

ಇದೇ ಕಾಲದ ಇನ್ನೊಂದು ಪ್ರಸಂಗವನ್ನು ಬಿಡಲಾಗದು. ಲೋಟಸ್ ಕಾರುಗಳ ವಿನ್ಯಾಸಕಾರ ರಾನ್ ಹಿಕ್‌ಮನ್ ಮನೆಯಲ್ಲಿ ಕುರ್ಚಿಯ ಮೇಲೆ ಹಲಗೆಯಿಟ್ಟು ಗರಗಸ ಎಳೆಯುವಾಗ ಕುರ್ಚಿಯನ್ನೂ ಕೊಯ್ದುಬಿಟ್ಟ. ಆ ಪೇಚಿನಿಂದ ಹುಟ್ಟಿದ್ದು ಮಡಚಿಡಬಹುದಾದ, ಹಲಗೆಯನ್ನು ತಾನೇ ಹಿಡಿಯುವ 'ವರ್ಕ್‌ಮೇಟ್' ಎಂಬ ಮೇಜು. ದೊಡ್ಡ ಸಂಸ್ಥೆಗಳು ಅದು ಮಾರಾಟವಾಗದೆಂದು ಮೊದಲು ತಿರಸ್ಕರಿಸಿದವು. ಮುಂದೆ ಅದು ಕೋಟಿಗಟ್ಟಲೆ ಮಾರಾಟವಾಯಿತು.

ಇನ್ನು ಕಾರು. 1960ರಲ್ಲಿ ಹತ್ತು ವರ್ಷ ಮೀರಿದ ಕಾರುಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಾಯಿತು. ಅಗ್ಗದ ಹಳೆಯ ಕಾರನ್ನು ನೆಚ್ಚಿಕೊಂಡವನು ಬ್ರೇಕನ್ನೂ ಸ್ಟಿಯರಿಂಗನ್ನೂ ತಾನೇ ಸರಿಪಡಿಸಿಕೊಳ್ಳಬೇಕಾಯಿತು. ಪೂರ್ತಿ ಜೋಡಿಸಿದ ಕಾರಿಗಿದ್ದ ಖರೀದಿ ತೆರಿಗೆ ಬಿಡಿಭಾಗಗಳಿಗೆ ಇರಲಿಲ್ಲವಾಗಿ, ಲೋಟಸ್ ಸೆವೆನ್‌ನಂಥ ಕಾರನ್ನು ಪೆಟ್ಟಿಗೆಗಳಲ್ಲಿ ತಂದು ಗ್ಯಾರೇಜಿನಲ್ಲಿ ಜೋಡಿಸುವವರೂ ಹೆಚ್ಚಿದರು. 1973ರಲ್ಲಿ ವ್ಯಾಟ್ ಬಂದು ಆ ಲಾಭ ಮುಗಿಯಿತು.

ಈ ಗ್ಯಾರೇಜುಗಳ ಪಂಚಾಂಗವೆಂದರೆ ಹೇನ್ಸ್ ಕೈಪಿಡಿ. ಜಾನ್ ಹೇನ್ಸ್ ಹುಟ್ಟಿದ್ದು 1938ರಲ್ಲಿ, ನಮ್ಮ ನೆರೆಯ ಸಿಲೋನಿನಲ್ಲಿ. ತಂದೆ ಅಲ್ಲಿ ಚಹಾ ತೋಟದಲ್ಲಿದ್ದವರು. ಇಂಗ್ಲೆಂಡಿನ ಶಾಲೆಯಲ್ಲಿ ಓದುತ್ತಿದ್ದಾಗಲೇ ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ ತನಗೆ ಬೇಕಾದಂತೆ ಕಟ್ಟಿಕೊಂಡು, ಅದನ್ನು ಕುರಿತು ಒಂದು ಕಿರುಹೊತ್ತಗೆಯನ್ನು ತಾನೇ ಅಚ್ಚು ಮಾಡಿಸಿದ. 250 ಪ್ರತಿಗಳು ಹತ್ತು ದಿನಗಳಲ್ಲಿ ಖರ್ಚಾದವು. ಮುಂದೆ ವಾಯುಪಡೆಯ ನೌಕರಿಯಲ್ಲಿ ಏಡನ್ನಿನಲ್ಲಿದ್ದಾಗ, 1965ರಲ್ಲಿ, ಸಹೋದ್ಯೋಗಿಯ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರನ್ನು ಸರಿಪಡಿಸಬೇಕಾಗಿ ಬಂತು. ತಯಾರಕರ ಕೈಪಿಡಿ ಸಾಮಾನ್ಯನಿಗೆ ಅರ್ಥವಾಗುವಂತಿರಲಿಲ್ಲ. ಹೇನ್ಸ್ ಎಂಜಿನ್ನನ್ನು ಒಂದೊಂದಾಗಿ ಬಿಚ್ಚುತ್ತ ಪ್ರತಿ ಹಂತಕ್ಕೂ ಛಾಯಾಚಿತ್ರ ತೆಗೆದ, ಹಾಗೆಯೇ ಮತ್ತೆ ಜೋಡಿಸಿದ. 1966ರಲ್ಲಿ ಹೊರಬಂದ ಆ ಕೈಪಿಡಿಯ 3,000 ಪ್ರತಿಗಳು ಮೂರು ತಿಂಗಳೊಳಗೆ ಮುಗಿದವು. ಅಲ್ಲಿಂದ ಮುಂದೆ ಪ್ರತಿ ಮಾದರಿಯ ಕಾರನ್ನೂ ಕೊಂಡು, ಪೂರ್ತಿ ಬಿಚ್ಚಿ, ಮತ್ತೆ ಕಟ್ಟಿಯೇ ಬರೆಯುವುದು ಸಂಸ್ಥೆಯ ಪದ್ಧತಿಯಾಯಿತು. ಮಾಕ್ಸನ್ ಬಿತ್ತಿದ ಬೀಜದ ಫಲವಿದು ಎಂದರೆ ಅತಿಶಯವಲ್ಲ.

ಇದೇ ಅವಧಿಯಲ್ಲಿ ನಮ್ಮ ನಾಡು ಸುಮ್ಮನಿರಲಿಲ್ಲ. 1953ರಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಸಂಸ್ಥೆಯ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಲೇತುಗಳನ್ನೇ ತಯಾರಿಸಿತು. ನಮ್ಮ ಸಂಘದ ಹಿರಿಯರಲ್ಲಿ ಕೆಲವರು ಅಂಥ ಕಾರ್ಖಾನೆಗಳ ನೆರಳಿನಲ್ಲೇ ಬೆಳೆದವರು. ಆದರೆ ಆ ಲೇತುಗಳು ಹೋದದ್ದು ಕಾರ್ಖಾನೆಗಳಿಗೆ, ಪಾಲಿಟೆಕ್ನಿಕ್ಕುಗಳಿಗೆ. ಮನೆಯ ಹಿತ್ತಲಿಗೆ ಬಂದದ್ದನ್ನು ನಾವು ಕಾಣೆವು. ಎಂಜಿನಿಯರಿಂಗ್ ಓದಿದ ಮಗ ಸುತ್ತಿಗೆ ಹಿಡಿಯುವುದನ್ನು ತಾಯಿತಂದೆಯರು ಒಪ್ಪುತ್ತಿರಲಿಲ್ಲ. ತಮ್ಮ ಸ್ಕೂಟರನ್ನು ತಾವೇ ಬಿಚ್ಚಿ ರಿಪೇರಿ ಮಾಡುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರ ಆ ಸ್ವಭಾವ ಕನ್ನಡ ಓದುಗರಿಗೆ ಅಷ್ಟು ಸೋಜಿಗವಾಗಿ ಕಂಡದ್ದೇ ಅದು ನಮ್ಮಲ್ಲಿ ಎಷ್ಟು ಅಪರೂಪವೆಂಬುದಕ್ಕೆ ಸಾಕ್ಷಿ. ವರ್ಷಕ್ಕೊಮ್ಮೆ ಆಯುಧಪೂಜೆಯಂದು ನಾವು ಉಪಕರಣಗಳಿಗೆ ಕುಂಕುಮವಿಡುತ್ತೇವೆ. ಇಲ್ಲಿನ ನಮ್ಮ ಪೂಜೆಯಲ್ಲಿ ಕಾರಿನ ಕೀಲಿ, ಲ್ಯಾಪ್‌ಟಾಪುಗಳ ಪಕ್ಕದಲ್ಲಿ ಒಂದು ಉಳಿ, ಒಂದು ಅರ ಇರುವುದು ವಿರಳ.

ಈಗ ಇಲ್ಲಿಯೂ ಹೊಳೆ ಇಳಿಯುತ್ತಿದೆ. ಮೈಫರ್ಡ್‌ನ ಬೀಸ್ಟನ್ ಕಾರ್ಖಾನೆ 2011ರಲ್ಲಿ ಬಾಗಿಲು ಹಾಕಿತು. ಜಾನ್ ಹೇನ್ಸ್ 2019ರಲ್ಲಿ ತೀರಿಕೊಂಡರು. ಮರುವರ್ಷ ಸಂಸ್ಥೆ ಹೊಸ ಕಾರುಗಳಿಗೆ ಮುದ್ರಿತ ಕೈಪಿಡಿ ತರುವುದನ್ನು ನಿಲ್ಲಿಸುವುದಾಗಿ ಹೇಳಿತು. ಈಗಿನ ಕಾರಿನ ಬಾನೆಟ್ ತೆರೆದರೆ ಕಾಣುವುದು ಪ್ಲಾಸ್ಟಿಕ್ಕಿನ ಮುಚ್ಚಳವೊಂದೇ. ನೆರೆಯ ವೃದ್ಧರು ಗತಿಸಿದಾಗ ಅವರ ಶೆಡ್ಡನ್ನು ಒಂದೇ ಮಧ್ಯಾಹ್ನದಲ್ಲಿ ಬರಿದು ಮಾಡಿ, ಅರ್ಧ ಶತಮಾನದ ಉಪಕರಣಗಳನ್ನು ಗುಜರಿಗೆ ಸಾಗಿಸುವುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ.

ಎಲ್ಲವೂ ಗುಜರಿಗೆ ಹೋಗುವುದಿಲ್ಲ ಎಂಬುದು ಸಮಾಧಾನ. 1979ರಲ್ಲಿ ಆರಂಭವಾದ 'ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್' ಎಂಬ ಸಂಸ್ಥೆ ಹಳೆಯ ಉಪಕರಣಗಳನ್ನು ಸಂಗ್ರಹಿಸಿ, ತುಕ್ಕು ತೆಗೆದು, ಸಾಣೆ ಹಿಡಿದು ಆಫ್ರಿಕದ ಕುಶಲಕರ್ಮಿಗಳಿಗೆ ಕಳುಹಿಸುತ್ತದೆ. ಆಸ್ಟ್ರೇಲಿಯದಲ್ಲಿ 1990ರ ದಶಕದಲ್ಲಿ ಮೊಳೆತ 'ಮೆನ್ಸ್ ಶೆಡ್' ಎಂಬ ಸಾಮೂಹಿಕ ಕಾರ್ಯಾಗಾರಗಳ ಚಳವಳಿ ಇಲ್ಲಿಗೂ ಬಂದು, 2013ರಲ್ಲಿ ಬ್ರಿಟನ್ನಿನ ಒಕ್ಕೂಟ ರೂಪುಗೊಂಡಿತು. ನಿವೃತ್ತಿಯ ಒಂಟಿತನದಲ್ಲಿ ಕುಳಿತವರು ಅಲ್ಲಿ ಒಟ್ಟಿಗೆ ಪಕ್ಷಿಗೂಡು ಮಾಡುತ್ತಾರೆ, ಶಾಲೆಯ ಬೆಂಚು ರಿಪೇರಿ ಮಾಡುತ್ತಾರೆ, ನಡುವೆ ಚಹಾ ಕುಡಿಯುತ್ತಾರೆ. ಮುಖಾಮುಖಿ ಕೂರಿಸಿ ಕೇಳಿದರೆ ಬಾಯಿ ಬಿಡದ ಗಂಡಸರು ಪಕ್ಕಪಕ್ಕದಲ್ಲಿ ನಿಂತು ಹಲಗೆ ಉಜ್ಜುವಾಗ ಮಾತಾಡುತ್ತಾರಂತೆ. 1970ರ, 80ರ ದಶಕಗಳಲ್ಲಿ ಇಲ್ಲಿಗೆ ಬಂದ ನಮ್ಮ ಹಿರಿಯರೂ ಈಗ ಆ ವಯಸ್ಸಿನವರು. ಅವರಲ್ಲಿ ಕೆಲವರ ಅಜ್ಜಂದಿರು ಊರಿನಲ್ಲಿ ಕುಲುಮೆ ಊದಿದವರು, ಎತ್ತಿನ ಗಾಡಿಯ ಚಕ್ರಕ್ಕೆ ಕಾಯಿಸಿದ ಪಟ್ಟಿ ಏರಿಸಿದವರು. ಅದನ್ನು ಸಭೆಯಲ್ಲಿ ಹೇಳಿಕೊಳ್ಳಲು ಅವರಿಗೆ ಇಂದಿಗೂ ಸಂಕೋಚ.

ಈ ಸಂಕೋಚವನ್ನು ಮುರಿಯಲು ನಮ್ಮ ವಾರ್ತಾಪತ್ರದಿಂದ ಒಂದು ಸಣ್ಣ ಕೆಲಸ ಕೈಗೊಂಡಿದ್ದೇವೆ. ಉಳಿ, ಬಾಚಿ, ತೋಪಡ, ಬೈರಿಗೆ, ಕೊಡತಿ, ಮೂಲೆಮಟ್ಟ, ಅರ, ತಿದಿ, ಅಡಿಗಲ್ಲು: ನಮಗೆ ಸದ್ಯ ದೊರೆತ ಹೆಸರುಗಳು ಇವು. ಬೆಂಗಳೂರಿನವರು ಸ್ಪ್ಯಾನರ್ ಎನ್ನುವುದನ್ನು ಹುಬ್ಬಳ್ಳಿಯ ಕಡೆಯವರು ಪಾನಾ ಎನ್ನುತ್ತಾರೆ. ಕರಾವಳಿಯ ದೋಣಿ ಕಟ್ಟುವವರ, ಮಲೆನಾಡಿನ ಮರ ಕೊಯ್ಯುವವರ ಮಾತುಗಳು ಇನ್ನೂ ನಮ್ಮ ಪಟ್ಟಿಗೆ ಬಂದಿಲ್ಲ. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಉಪಕರಣದ ಹೆಸರು, ಅದರ ಒಂದು ಚಿತ್ರ, ಅದನ್ನು ಹಿಡಿಯುವ ಬಗೆ, ಇಷ್ಟನ್ನು ಎರಡು ಸಾಲಿನಲ್ಲಿ ಬರೆದು ಕಳುಹಿಸಿ. ಆಯುಧಪೂಜೆಯ ಸಂಚಿಕೆಯಲ್ಲಿ ಬಂದಷ್ಟನ್ನೂ ಪ್ರಕಟಿಸುತ್ತೇವೆ.